ಹಾಜರಿ ಪುಸ್ತಕದಲ್ಲೇ ಶುರುವಾಗುವ ಕಾನೂನು

ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಂಡ ದಿನವೇ ಮಾಲೀಕರ ಮೇಲೆ ಕಾನೂನಿನ ಹೊಣೆ ಬೀಳುತ್ತದೆ. ಅದು ಬಟ್ಟೆ ಅಂಗಡಿಯಿರಲಿ, ಪೀಣ್ಯದ ಲೇತ್ ವರ್ಕ್‌ಶಾಪಿರಲಿ, ನರ್ಸಿಂಗ್ ಹೋಂ ಇರಲಿ, ಸಾಫ್ಟ್‌ವೇರ್ ಕಂಪನಿಯಿರಲಿ, ಹೊಣೆಯ ಬುಡದಲ್ಲಿರುವ ಪ್ರಶ್ನೆ ಒಂದೇ: ಯಾರು ಕೆಲಸ ಮಾಡಿದರು, ಎಷ್ಟು ಹೊತ್ತು ಮಾಡಿದರು, ಅದಕ್ಕೆ ಕೊಟ್ಟದ್ದೆಷ್ಟು? ಭವಿಷ್ಯ ನಿಧಿ, ಇಎಸ್‌ಐ, ಬೋನಸ್, ಗ್ರ್ಯಾಚುಟಿ, ಓಟಿ, ರಜೆ ಸಂಬಳ ಇವೆಲ್ಲ ಲೆಕ್ಕವಾಗುವುದು ಹಾಜರಿ ಪುಸ್ತಕ ಮತ್ತು ಸಂಬಳದ ಪಟ್ಟಿಯ ಮೇಲೆ. ಆ ಎರಡರಲ್ಲಿ ಬರೆದದ್ದು ನಿಜವಾದರೆ ಉಳಿದ ಬಹುಪಾಲು ಕೆಲಸ ಲೆಕ್ಕಪತ್ರದ್ದು. ಅವೇ ಸುಳ್ಳಾದರೆ ಎಷ್ಟೇ ಒಳ್ಳೆಯ ಆಡಿಟರ್ ಇದ್ದರೂ ಉಳಿಗಾಲವಿಲ್ಲ, ಏಕೆಂದರೆ ಒಂದು ತಪ್ಪು ದಾಖಲೆ ಏಕಕಾಲಕ್ಕೆ ಐದಾರು ಕಾನೂನುಗಳ ಉಲ್ಲಂಘನೆಯಾಗಿ ಬೆಳೆಯುತ್ತದೆ.

ಈ ಕಾನೂನುಗಳ ರೂಪ ಈಚೆಗೆ ಬದಲಾಗಿದೆ. ವೇತನ ಸಂಹಿತೆ 2019ರಲ್ಲಿ, ಕೈಗಾರಿಕಾ ಸಂಬಂಧ, ಸಾಮಾಜಿಕ ಭದ್ರತೆ ಹಾಗೂ ಔದ್ಯೋಗಿಕ ಸುರಕ್ಷತೆಯ ಮೂರು ಸಂಹಿತೆಗಳು 2020ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, ವರ್ಷಗಟ್ಟಲೆ ಕಾದು, 2025ರ ನವೆಂಬರ್ 21ರಂದು ಜಾರಿಗೆ ಬಂದವು. ಕೇಂದ್ರದ 29 ಕಾನೂನುಗಳು ಇವುಗಳಲ್ಲಿ ಲೀನವಾದವು. ಆದರೆ ಹಳೆಯ ನಿಯಮಗಳು ಮತ್ತು ಯೋಜನೆಗಳು ಒಮ್ಮೆಲೇ ಇಲ್ಲವಾಗಿಲ್ಲ. ಹೊಸದಕ್ಕೆ ವಿರುದ್ಧವಾಗದ ಮಟ್ಟಿಗೆ ಅವು ಮುಂದುವರಿಯಲು ಸಂಹಿತೆಗಳಲ್ಲೇ ಅವಕಾಶವಿದೆ. ಇನ್ನು ರಾಜ್ಯದ ಕಾನೂನುಗಳು ಹಾಗೇ ಉಳಿದಿವೆ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ, 1965ರ ಕಾರ್ಮಿಕ ಕಲ್ಯಾಣ ನಿಧಿ ಕಾಯ್ದೆ, 1976ರ ವೃತ್ತಿ ತೆರಿಗೆ ಕಾಯ್ದೆ ಇವು ಯಾವ ಸಂಹಿತೆಯಲ್ಲೂ ಸೇರಿಲ್ಲ. ‘ನಾಲ್ಕೇ ಕಾನೂನು ಉಳಿದಿವೆ’ ಎಂಬ ಮಾತನ್ನು ನಂಬಿ ಇವನ್ನು ಮರೆತ ಮಾಲೀಕರಿಗೆ ಮೊದಲ ನೋಟಿಸ್ ಬರುವುದು ಇಲ್ಲಿಂದಲೇ.

ತಲೆ ಎಣಿಕೆ

ಯಾವ ಕಾನೂನು ಅನ್ವಯವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಕೆಲಸಗಾರರ ಸಂಖ್ಯೆ. 10 ಜನರಿದ್ದರೆ ಇಎಸ್‌ಐ ಮತ್ತು ಗ್ರ್ಯಾಚುಟಿ. ಲೈಂಗಿಕ ಕಿರುಕುಳ ತಡೆಯ ಆಂತರಿಕ ಸಮಿತಿಯೂ ಅದೇ ಸಂಖ್ಯೆಗೆ ಕಡ್ಡಾಯ. 20 ಆದರೆ ಭವಿಷ್ಯ ನಿಧಿ ಮತ್ತು ಬೋನಸ್. 50ಕ್ಕೆ ಶಿಶುಪಾಲನಾ ಕೊಠಡಿ. 300ಕ್ಕೆ ಸ್ಥಾಯಿ ಆದೇಶಗಳು; ಕೆಲಸಗಾರರನ್ನು ತೆಗೆಯುವ ಮುನ್ನ ಸರ್ಕಾರದ ಅನುಮತಿ ಪಡೆಯಬೇಕಾದ್ದೂ ಕಾರ್ಖಾನೆಯಂಥ ಕಡೆಗಳಲ್ಲಿ ಆ ಸಂಖ್ಯೆಯಿಂದಲೇ. ಕನಿಷ್ಠ ವೇತನಕ್ಕೆ ಮಾತ್ರ ಇಂಥ ಗೆರೆಯಿಲ್ಲ. ಒಬ್ಬನೇ ಹುಡುಗ ಅಂಗಡಿಯಲ್ಲಿದ್ದರೂ ಅದು ಅವನ ಹಕ್ಕು.

ಗೆರೆಗಳಿದ್ದಲ್ಲಿ ಗೆರೆಯಿಂದ ಕೆಳಗಿರುವ ಯತ್ನವೂ ಇರುತ್ತದೆ. 19 ಹೆಸರುಗಳಷ್ಟೇ ಇರುವ ಹಾಜರಿ ಪುಸ್ತಕಗಳು ಕೈಗಾರಿಕಾ ಪ್ರದೇಶಗಳಲ್ಲಿ ಅಪರೂಪವಲ್ಲ. ಇಪ್ಪತ್ತನೆಯವರಿಗೆ ‘ಟ್ರೇನಿ’ ಎಂದೋ ‘ಕ್ಯಾಶುಯಲ್’ ಎಂದೋ ಹೆಸರಿಟ್ಟು ವೋಚರ್ ಮೇಲೆ ಹಣ ಕೊಡಲಾಗುತ್ತದೆ. ಕಾನೂನು ಈ ಹೆಸರುಗಳಿಗೆ ಬೆಲೆ ಕೊಡುವುದಿಲ್ಲ. ಗುತ್ತಿಗೆದಾರನ ಮೂಲಕ ಬಂದು ಸಂಸ್ಥೆಯ ಕೆಲಸ ಮಾಡುವವರೂ ಭವಿಷ್ಯ ನಿಧಿಯ ಲೆಕ್ಕಕ್ಕೆ ಕೆಲಸಗಾರರೇ. ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ ನೋಂದಾಯಿಸಿ ಸೇರಿಸಿಕೊಂಡವರ ಮಾತು ಬೇರೆ. ಬಾಯಿಮಾತಿನ ಟ್ರೇನಿಗೆ ಆ ರಿಯಾಯಿತಿ ಸಿಗದು. ಒಂದೇ ಶೆಡ್ಡನ್ನು ಗಂಡನ ಹೆಸರಲ್ಲೊಂದು, ಹೆಂಡತಿಯ ಹೆಸರಲ್ಲೊಂದು ಸಂಸ್ಥೆಯಾಗಿ ಒಡೆದು ತೋರಿಸುವ ದಾರಿಯೂ ಹಳೆಯದು. ಭವಿಷ್ಯ ನಿಧಿ ಅಧಿಕಾರಿಗಳು ಆಗ ನೋಡುವುದು ಬೋರ್ಡನ್ನಲ್ಲ. ಒಡೆತನ ಯಾರದು, ಹಣಕಾಸು ಒಂದೆಯೇ, ಮೇಲ್ವಿಚಾರಣೆ ಯಾರದು, ಕೆಲಸಗಾರರು ಆ ಕಡೆಗೂ ಈ ಕಡೆಗೂ ಓಡಾಡುತ್ತಾರೆಯೇ ಎಂಬುದನ್ನು ನೋಡುತ್ತಾರೆ. ಎಲ್ಲವೂ ಒಂದೇ ಎಂದು ಕಂಡರೆ ಎರಡೂ ಕಡೆಯ ಸಂಖ್ಯೆ ಕೂಡಿಸಿ, ಹಿಂದಿನ ದಿನಾಂಕದಿಂದಲೇ ಬಾಕಿ ಕಟ್ಟಿಸಿಕೊಳ್ಳುತ್ತಾರೆ. ಆ ಹೊತ್ತಿಗೆ ಅನೇಕರು ಕೆಲಸ ಬಿಟ್ಟು ಹೋಗಿರುತ್ತಾರೆ. ಅವರ ಪಾಲನ್ನು ಹಿಂದಕ್ಕೆ ಹೋಗಿ ಸಂಬಳದಲ್ಲಿ ಹಿಡಿಯಲು ಬರುವುದಿಲ್ಲ, ಎರಡೂ ಪಾಲನ್ನು ಮಾಲೀಕರೇ ಕಟ್ಟಬೇಕು. ಉಳಿತಾಯವೆಂದು ಮಾಡಿದ್ದು ದುಪ್ಪಟ್ಟು ಖರ್ಚಾಗುವುದು ಹೀಗೆ.

ಸಂಖ್ಯೆ ಒಮ್ಮೆ 20 ಮುಟ್ಟಿ ಸಂಸ್ಥೆ ವ್ಯಾಪ್ತಿಗೆ ಬಂದ ಮೇಲೆ, ನಂತರ ಜನ ಕಡಿಮೆಯಾದರೂ ಹೊಣೆ ತಾನಾಗಿ ತಪ್ಪುವುದಿಲ್ಲ. ವ್ಯಾಪಾರ ಕುಗ್ಗಿ 8 ಜನ ಉಳಿದರೂ ತಿಂಗಳ ಚಲನ್ ನಿಲ್ಲಿಸುವಂತಿಲ್ಲ. ಇದನ್ನು ಅರಿಯದೆ ಕಟ್ಟುವುದನ್ನು ಬಿಟ್ಟ ಸಣ್ಣ ಘಟಕಗಳು ವರ್ಷಗಳ ಬಾಕಿಯಲ್ಲಿ ಸಿಕ್ಕಿಬೀಳುತ್ತವೆ. ಈ ನಿಯಮ ಕಠಿಣ ಎನಿಸುವುದು ಸಹಜ. ಆದರೆ ಅದಿಲ್ಲದಿದ್ದರೆ ಹತ್ತಾರು ವರ್ಷ ದುಡಿದವರ ನಿಧಿಯೊಂದು ಯಾರೋ ಇಬ್ಬರು ರಾಜೀನಾಮೆ ಕೊಟ್ಟ ತಿಂಗಳಲ್ಲಿ ಅರ್ಧಕ್ಕೆ ನಿಂತುಹೋಗುತ್ತಿತ್ತು.

ಸಂಬಳ ಎಂದರೆ ಎಷ್ಟು?

ಅತಿ ಹೆಚ್ಚು ವ್ಯಾಜ್ಯ ಹುಟ್ಟುವುದು ಈ ಪ್ರಶ್ನೆಯಿಂದ. ಮೊದಲು ಕನಿಷ್ಠ ವೇತನ. ಕರ್ನಾಟಕದಲ್ಲಿ ಅದು ಉದ್ಯೋಗದ ಬಗೆ, ಕೌಶಲ ಮತ್ತು ವಲಯವನ್ನು ಅನುಸರಿಸಿ ಬದಲಾಗುತ್ತದೆ, ಮತ್ತು ಅದರ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬೆಲೆ ಸೂಚ್ಯಂಕದ ಪ್ರಕಾರ ಏರುತ್ತದೆ. ಸಣ್ಣ ಸಂಸ್ಥೆಗಳು ಎಡವುವುದು ಈ ಏಪ್ರಿಲ್‌ನಲ್ಲಿ. ಕಳೆದ ವರ್ಷ ಸರಿಯಾಗಿದ್ದ ಸಂಬಳ ಈ ವರ್ಷ ಕನಿಷ್ಠಕ್ಕಿಂತ ಕೆಳಗೆ ಇಳಿದಿರುತ್ತದೆ, ಯಾರೂ ಗಮನಿಸಿರುವುದಿಲ್ಲ. ದೊಡ್ಡವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. 2020ರ ಏಪ್ರಿಲ್‌ನಲ್ಲಿ ತಿಂಗಳಿಗೆ ಸುಮಾರು 417 ರೂಪಾಯಿಯಷ್ಟು ಏರಿದ್ದ ತುಟ್ಟಿಭತ್ಯೆಯನ್ನು ಕೊರೊನಾ ಕಾರಣಕ್ಕೆ ರಾಜ್ಯ ಸರ್ಕಾರ ಮುಂದೂಡಿತು. ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಸಿದ್ಧ ಉಡುಪು ಕಾರ್ಖಾನೆಗಳು ದೀರ್ಘಕಾಲ ಆ ಹಣ ಕೊಡಲಿಲ್ಲ. ಬಾಕಿ ಕೈಸೇರಲು ಶುರುವಾದದ್ದು 2022ರಲ್ಲಿ, ವಿದೇಶಿ ಬ್ರ್ಯಾಂಡ್‌ಗಳ ಮೇಲೆ ಒತ್ತಡ ಬಂದ ನಂತರ. ದಿನಕ್ಕೆ 16 ರೂಪಾಯಿಯ ಲೆಕ್ಕ ಅದು. ಅಷ್ಟು ಸಣ್ಣ ಮೊತ್ತವೂ ಲಕ್ಷಗಟ್ಟಲೆ ಕಾರ್ಮಿಕರಿಂದ ಗುಣಿಸಿದಾಗ ಯಾವ ಉದ್ಯಮಕ್ಕೂ ಭಾರವೇ. ಪ್ರತಿ ತಿಂಗಳೂ ಕೊಟ್ಟಿದ್ದರೆ ಅದು ಬೆಟ್ಟವಾಗುತ್ತಿರಲಿಲ್ಲ.

ಮುಂದಿನದು ಭವಿಷ್ಯ ನಿಧಿ. ಕೆಲಸಗಾರರಿಂದ ಶೇ 12, ಮಾಲೀಕರಿಂದ ಶೇ 12. ಬೀಡಿಯಂಥ ಕೆಲವು ಉದ್ಯಮಗಳಲ್ಲಿ ಶೇ 10. ಕಡ್ಡಾಯ ವ್ಯಾಪ್ತಿಯ ಸಂಬಳದ ಮಿತಿ 2014ರ ಸೆಪ್ಟೆಂಬರ್‌ನಿಂದ 15,000 ರೂಪಾಯಿ. ಮಾಲೀಕರ ಪಾಲಿನಲ್ಲಿ ಶೇ 8.33 ಪಿಂಚಣಿಗೆ ಹೋಗುತ್ತದೆ. ಹೀಗಾಗಿ 15,000 ರೂಪಾಯಿ ಸಂಬಳದ ಮೇಲೆ ಮಾಲೀಕರು ಕಟ್ಟುವ 1,800 ರೂಪಾಯಿಯಲ್ಲಿ 1,250 ಪಿಂಚಣಿಯ ಖಾತೆಗೆ, 550 ಭವಿಷ್ಯ ನಿಧಿಗೆ. ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ತಡವಾದರೆ ವರ್ಷಕ್ಕೆ ಶೇ 12 ಬಡ್ಡಿ, ಅದರ ಮೇಲೆ ದಂಡ. ದಂಡದ ದರ 2024ರ ಜೂನ್‌ನಿಂದ ತಿಂಗಳಿಗೆ ಶೇ 1.

ಈ ಹೊರೆಯನ್ನು ಇಳಿಸಿಕೊಳ್ಳಲು ಸಂಬಳವನ್ನು ಹೋಳು ಮಾಡುವ ಪದ್ಧತಿ ದಶಕಗಳಿಂದ ನಡೆಯಿತು. ಮೂಲ ವೇತನ ಚಿಕ್ಕದು, ‘ವಿಶೇಷ ಭತ್ಯೆ’ ದೊಡ್ಡದು. 2019ರ ಫೆಬ್ರುವರಿ 28ರಂದು ಸುಪ್ರೀಂ ಕೋರ್ಟ್, ವಿವೇಕಾನಂದ ವಿದ್ಯಾಮಂದಿರ ಪ್ರಕರಣವೂ ಸೇರಿದ್ದ ಒಂದು ಗುಚ್ಛದಲ್ಲಿ, ಇದಕ್ಕೆ ಉತ್ತರ ಕೊಟ್ಟಿತು. ಎಲ್ಲರಿಗೂ ಸಮಾನವಾಗಿ, ಪ್ರತಿ ತಿಂಗಳೂ ಕೊಡುವ ಭತ್ಯೆಗೆ ಏನೇ ಹೆಸರಿದ್ದರೂ ಅದು ಮೂಲ ವೇತನದ ಭಾಗವೇ. ಹೆಚ್ಚುವರಿ ದುಡಿಮೆಗೋ ವಿಶೇಷ ಕೆಲಸಕ್ಕೋ ಕೊಟ್ಟದ್ದೆಂದು ತೋರಿಸಲಾಗದ ಹಣದ ಮೇಲೆ ಭವಿಷ್ಯ ನಿಧಿ ಕಟ್ಟಲೇಬೇಕು.

ವೇತನ ಸಂಹಿತೆ ಇನ್ನೂ ಮುಂದೆ ಹೋಗಿದೆ. ಮನೆ ಬಾಡಿಗೆ ಭತ್ಯೆ, ಪ್ರಯಾಣ ಭತ್ಯೆ, ಕಮಿಷನ್ ಮುಂತಾದವನ್ನು ‘ವೇತನ’ದ ಹೊರಗಿಡಬಹುದು, ಆದರೆ ಹೀಗೆ ಹೊರಗಿಟ್ಟದ್ದು ಒಟ್ಟು ಸಂಭಾವನೆಯ ಅರ್ಧ ದಾಟುವಂತಿಲ್ಲ. ದಾಟಿದಷ್ಟನ್ನು ಮತ್ತೆ ವೇತನಕ್ಕೇ ಸೇರಿಸಬೇಕು. ಒಂದು ಲೆಕ್ಕ ನೋಡಬಹುದು. ತಿಂಗಳಿಗೆ 30,000 ರೂಪಾಯಿ ಪಡೆಯುವವರ ಚೀಟಿಯಲ್ಲಿ ಮೂಲ ವೇತನ 10,000, ಮನೆ ಬಾಡಿಗೆ 12,000, ಪ್ರಯಾಣ 5,000, ಕಮಿಷನ್ 3,000 ಎಂದಿದೆ. ಹೊರಗಿಟ್ಟದ್ದು 20,000, ಅವಕಾಶವಿರುವುದು 15,000ಕ್ಕೆ. ಹೆಚ್ಚಾದ 5,000 ಸೇರಿ ಕಾನೂನಿನ ಕಣ್ಣಿಗೆ ವೇತನ 15,000 ಆಗುತ್ತದೆ. ಇವರು 10 ವರ್ಷ ದುಡಿದು ಹೊರಟರೆ ಗ್ರ್ಯಾಚುಟಿ ಹಳೆಯ ಚೀಟಿಯ ಪ್ರಕಾರ 57,692 ರೂಪಾಯಿ ಆಗುತ್ತಿತ್ತು, ಈಗ 86,538. ಚೀಟಿಯಲ್ಲಿ ಕಾಣದ ಈ ವ್ಯತ್ಯಾಸಕ್ಕೆ ಹಣ ತೆಗೆದಿಡದ ಸಂಸ್ಥೆಗೆ ಹಲವರು ಒಟ್ಟಿಗೆ ನಿವೃತ್ತರಾಗುವ ವರ್ಷ ಕಷ್ಟದ್ದಾಗುತ್ತದೆ. ಭವಿಷ್ಯ ನಿಧಿಯ ಮಟ್ಟಿಗೆ 15,000 ರೂಪಾಯಿ ಮಿತಿ ಹಾಗೇ ಇರುವುದರಿಂದ, ಮಿತಿಗೆ ತಕ್ಕಷ್ಟೇ ಕಟ್ಟುತ್ತಿರುವವರ ಕೈಗೆ ಬರುವ ಸಂಬಳ ಈ ಬದಲಾವಣೆಯಿಂದ ಕಡಿಮೆಯಾಗಬೇಕಾಗಿಲ್ಲ.

ಕೆಲಸಗಾರರ ಸಂಬಳದಲ್ಲಿ ಹಿಡಿದ ಪಾಲನ್ನು ಕಟ್ಟದೆ ಬಳಸಿಕೊಳ್ಳುವುದು ಇವೆಲ್ಲಕ್ಕಿಂತ ಗಂಭೀರ. ವ್ಯಾಪಾರ ಇಕ್ಕಟ್ಟಿಗೆ ಸಿಕ್ಕಾಗ ಮೊದಲು ಕೈ ಹೋಗುವುದು ಈ ಹಣಕ್ಕೆ, ಏಕೆಂದರೆ ಬ್ಯಾಂಕಿನಂತೆ ಇದು ಮರುದಿನವೇ ಬಾಗಿಲು ತಟ್ಟುವುದಿಲ್ಲ. ಆದರೆ ಕಾನೂನು ಇದನ್ನು ಬಾಕಿ ಎಂದು ಕಾಣದೆ ನಂಬಿಕೆ ದ್ರೋಹ ಎಂದು ಕಾಣುತ್ತದೆ. ಸಾಮಾಜಿಕ ಭದ್ರತೆಯ ಸಂಹಿತೆಯಡಿ ಇದಕ್ಕೆ ಕನಿಷ್ಠ 1 ವರ್ಷದಿಂದ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿ ದಂಡ. ಈ ಹಣ ಕಾರ್ಮಿಕರಿಗೆ ಏನೆಂಬುದನ್ನು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರು ನೋಡಿತು. ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಅಧಿಸೂಚನೆಯ ವಿರುದ್ಧ ಸಾವಿರಾರು ಸಿದ್ಧ ಉಡುಪು ಕಾರ್ಮಿಕರು, ಹೆಚ್ಚಿನವರು ಹೆಣ್ಣುಮಕ್ಕಳು, ಕಾರ್ಖಾನೆ ಬಿಟ್ಟು ಹೊಸೂರು ರಸ್ತೆಗೆ ಇಳಿದರು. ಕೇಂದ್ರ ಎರಡನೆಯ ದಿನವೇ ಅಧಿಸೂಚನೆ ಹಿಂಪಡೆಯಿತು. ಮಗಳ ಮದುವೆ, ಮನೆಯ ಕಾಯಿಲೆ, ಮಗನ ಕಾಲೇಜು ಫೀಸು ಎಲ್ಲಕ್ಕೂ ಆ ಕುಟುಂಬಗಳಿಗೆ ಇದ್ದ ಗಂಟು ಅದೊಂದೇ.

ಗಂಟೆಗಳ ಲೆಕ್ಕ

ರಾಜ್ಯದ ಅಂಗಡಿ ಕಾಯ್ದೆಯ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಓಟಿ ಸೇರಿ ದಿನಕ್ಕೆ 10 ಗಂಟೆ ದಾಟುವಂತಿಲ್ಲ, ಮೂರು ತಿಂಗಳಲ್ಲಿ ಓಟಿ 50 ಗಂಟೆಯೊಳಗೆ ಇರಬೇಕು, ಅದಕ್ಕೆ ಎರಡು ಪಟ್ಟು ಸಂಬಳ. ವಾರಕ್ಕೊಂದು ರಜೆ, ಕೆಲಸ ಮಾಡಿದ ಪ್ರತಿ 20 ದಿನಕ್ಕೆ 1 ದಿನ ಗಳಿಕೆ ರಜೆ, ವರ್ಷಕ್ಕೆ 12 ದಿನ ಕಾಯಿಲೆ ರಜೆ. ಇದರ ಜೊತೆಗೆ 1963ರ ಕಾಯ್ದೆಯಂತೆ ವರ್ಷಕ್ಕೆ 10 ಸಾರ್ವಜನಿಕ ರಜೆ. ಗಣರಾಜ್ಯೋತ್ಸವ, ಮೇ ದಿನ, ಸ್ವಾತಂತ್ರ್ಯ ದಿನ, ಗಾಂಧಿ ಜಯಂತಿ ಮತ್ತು ನವೆಂಬರ್ 1ರ ರಾಜ್ಯೋತ್ಸವ ಕಡ್ಡಾಯ, ಉಳಿದ ಐದು ಹಬ್ಬಗಳದ್ದು.

ನಿಯಮ ಗೊತ್ತಿಲ್ಲದ ಎಚ್.ಆರ್. ಮ್ಯಾನೇಜರ್ ಇರಲಾರರು. ಮುರಿಯುವುದು ಗಂಟೆಗಳನ್ನು ದಾಖಲಿಸುವ ಜಾಗದಲ್ಲಿ. ಇದಕ್ಕೆ ಕರ್ನಾಟಕದಲ್ಲೇ ಒಂದು ದೊಡ್ಡ ಪಾಠವಿದೆ. ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಐಫೋನ್ ಜೋಡಿಸುತ್ತಿದ್ದ ತೈವಾನಿನ ವಿಸ್ಟ್ರಾನ್ ಕಂಪನಿಯ ಘಟಕದಲ್ಲಿ 2020ರ ಡಿಸೆಂಬರ್ 12ರ ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಕಾರ್ಮಿಕರ ಸಿಟ್ಟು ಒಡೆದು, ಗಾಜು, ಯಂತ್ರ, ವಾಹನಗಳು ಪುಡಿಯಾದವು. ಹಿಂಸೆಯನ್ನು ಯಾರೂ ಸಮರ್ಥಿಸಲಿಲ್ಲ. ಆದರೆ ನಂತರ ರಾಜ್ಯದ ಕಾರ್ಖಾನೆಗಳ ಇಲಾಖೆಯ ವರದಿ ಹೇಳಿದ ಸಂಗತಿಗಳು ಯಾವ ಮಾಲೀಕರೂ ಓದಬೇಕಾದಂಥವು. ಅಲ್ಪ ಕಾಲದಲ್ಲೇ ಕೆಲಸಗಾರರ ಸಂಖ್ಯೆ 10,500ರವರೆಗೆ ಬೆಳೆದಿತ್ತು, ಅದಕ್ಕೆ ತಕ್ಕಂತೆ ಕಾರ್ಮಿಕ ಕಾನೂನು ಬಲ್ಲವರ ಎಚ್.ಆರ್. ವಿಭಾಗ ಬೆಳೆದಿರಲಿಲ್ಲ. 8 ಗಂಟೆಯ ಪಾಳಿ 12 ಗಂಟೆಗೆ ಹೋಗಿತ್ತು. ಹಾಜರಿ ದಾಖಲಿಸುವ ವ್ಯವಸ್ಥೆ ಕೆಟ್ಟಿತ್ತು, ಹೀಗಾಗಿ ದುಡಿದ ದಿನಗಳೂ ಓಟಿಯೂ ಸಂಬಳದಲ್ಲಿ ಸರಿಯಾಗಿ ಬರಲಿಲ್ಲ. ಹೆಚ್ಚಿನವರು ಗುತ್ತಿಗೆ ಏಜೆನ್ಸಿಗಳ ಮೂಲಕ ಬಂದವರು. ಕಡಿತದ ಬಗ್ಗೆ ಕೇಳಿದರೆ ಏಜೆನ್ಸಿ ಕಂಪನಿಯತ್ತ, ಕಂಪನಿ ಏಜೆನ್ಸಿಯತ್ತ ಬೊಟ್ಟು ಮಾಡುತ್ತಿದ್ದವು.

ಕೆಲವು ಕಾರ್ಮಿಕರಿಗೆ ಸರಿಯಾಗಿ, ಸಕಾಲಕ್ಕೆ ಸಂಬಳ ಆಗಿಲ್ಲ ಎಂದು ಕಂಪನಿಯೇ ಒಪ್ಪಿ ಕ್ಷಮೆ ಕೇಳಿತು; ಭಾರತದ ವ್ಯವಹಾರ ನೋಡುತ್ತಿದ್ದ ಉಪಾಧ್ಯಕ್ಷರನ್ನು ತೆಗೆಯಿತು. ಆಪಲ್ ಕಂಪನಿ ಅದನ್ನು ಪರೀಕ್ಷಾವಧಿಯಲ್ಲಿಟ್ಟು, ತಿದ್ದಿಕೊಳ್ಳುವ ತನಕ ಹೊಸ ಕೆಲಸ ಕೊಡುವುದಿಲ್ಲ ಎಂದಿತು. 2023ರಲ್ಲಿ ಘಟಕ ಟಾಟಾ ಸಮೂಹಕ್ಕೆ ಮಾರಾಟವಾಯಿತು. ಸಾವಿರಾರು ಕೋಟಿಯ ಕಾರ್ಖಾನೆಯೊಂದು ಕುಸಿದ ಜಾಗ ಅಸೆಂಬ್ಲಿ ಲೈನ್ ಅಲ್ಲ, ಹಾಜರಿ ದಾಖಲಿಸುವ ವ್ಯವಸ್ಥೆ ಎಂಬುದು ಮರೆಯುವಂಥದ್ದಲ್ಲ. ತಪ್ಪು ಸಂಬಳದ ಬಗ್ಗೆ ಕೇಳಿದವರಿಗೆ ಎರಡು ದಿನದಲ್ಲಿ ಉತ್ತರ ಕೊಡುವ ಒಬ್ಬ ಮನುಷ್ಯ ಅಲ್ಲಿದ್ದಿದ್ದರೆ ಆ ಬೆಳಗು ಬೇರೆಯಾಗಿರುತ್ತಿತ್ತು ಎಂದು ನಂಬಲು ಕಾರಣವಿದೆ.

ಗುತ್ತಿಗೆದಾರನ ಹಿಂದೆ ನಿಲ್ಲಲಾಗದು

ಗುತ್ತಿಗೆದಾರನಿಗೆ ಬಿಲ್ ಪಾವತಿಸಿದರೆ ತನ್ನ ಕೆಲಸ ಮುಗಿಯಿತೆಂಬ ಭಾವನೆ ವ್ಯಾಪಕವಾಗಿದೆ. ಕಾನೂನು 1970ರಿಂದಲೂ ಬೇರೆ ಮಾತೇ ಹೇಳುತ್ತ ಬಂದಿದೆ. ಗುತ್ತಿಗೆದಾರ ಸಂಬಳ ಕೊಡದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಮಾಲೀಕರೇ ಕೊಡಬೇಕು, ನಂತರ ಗುತ್ತಿಗೆದಾರನಿಂದ ವಸೂಲಿ ಮಾಡಿಕೊಳ್ಳಬಹುದು. ಭವಿಷ್ಯ ನಿಧಿ ಮತ್ತು ಇಎಸ್‌ಐಗೂ ಇದೇ ಮಾತು. ಹೊಸ ಸುರಕ್ಷತಾ ಸಂಹಿತೆಯಲ್ಲಿ ಗುತ್ತಿಗೆ ಕಾರ್ಮಿಕರ ಅಧ್ಯಾಯ 50 ಅಥವಾ ಹೆಚ್ಚು ಜನರಿರುವಲ್ಲಿ ಅನ್ವಯ. ಸಂಸ್ಥೆಯ ಮುಖ್ಯ ಕೆಲಸಕ್ಕೆ ಗುತ್ತಿಗೆ ಕಾರ್ಮಿಕರನ್ನು ಬಳಸುವುದಕ್ಕೆ ಅದು ಕೆಲವು ವಿನಾಯಿತಿಗಳೊಂದಿಗೆ ನಿಷೇಧ ಹೇರಿದೆ. ಕ್ಯಾಂಟೀನ್, ಕುಡಿಯುವ ನೀರು, ಶೌಚಾಲಯಗಳ ಹೊಣೆಯನ್ನು ಮೂಲ ಮಾಲೀಕರ ಮೇಲೇ ಹೊರಿಸಿದೆ.

ವಿವೇಕವಿರುವ ಮಾಲೀಕರು ಗುತ್ತಿಗೆದಾರನ ಬಿಲ್ ಪಾಸು ಮಾಡುವ ಮುನ್ನ ಹಿಂದಿನ ತಿಂಗಳ ಪಿಎಫ್, ಇಎಸ್‌ಐ ಚಲನ್ ಕೇಳುತ್ತಾರೆ. ಆದರೆ ಚಲನ್‌ನ ಒಟ್ಟು ಮೊತ್ತ ನೋಡಿದರೆ ಸಾಲದು. ಗುತ್ತಿಗೆದಾರ ಐದು ಕಡೆ ಜನರನ್ನು ಕಳಿಸಿ ಒಂದೇ ಚಲನ್ ತೋರಿಸುತ್ತಿರಬಹುದು. ತನ್ನ ಗೇಟಿನೊಳಗೆ ಬಂದವರ ಹೆಸರುಗಳು ಆ ಪಟ್ಟಿಯಲ್ಲಿವೆಯೇ, ಎಷ್ಟು ದಿನಕ್ಕೆ ಕಟ್ಟಿದ್ದಾರೆ ಎಂಬುದನ್ನು ಗೇಟ್ ದಾಖಲೆಯೊಂದಿಗೆ ಹೋಲಿಸಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಮನೆ ಬಾಗಿಲಿಗೆ ಊಟ, ಸಾಮಾನು ತಂದುಕೊಡುವ ಗಿಗ್ ಕೆಲಸಗಾರರು ಈ ಯಾವ ಚೌಕಟ್ಟಿನಲ್ಲೂ ಸೇರದೆ ಉಳಿದಿದ್ದರು. ಅವರಿಗಾಗಿ ಕರ್ನಾಟಕ 2025ರಲ್ಲಿ ಪ್ರತ್ಯೇಕ ಕಾಯ್ದೆ ತಂದಿತು. ಆ್ಯಪ್ ಕಂಪನಿಗಳು ಕೆಲಸಗಾರರಿಗೆ ಕೊಡುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ಕಟ್ಟಬೇಕು, ಒಪ್ಪಂದದ ಷರತ್ತುಗಳನ್ನು ತಿಳಿಯುವ ಭಾಷೆಯಲ್ಲಿ ಕೊಡಬೇಕು, ಕಾರಣ ಹೇಳದೆ ಐಡಿ ಬಂದ್ ಮಾಡುವಂತಿಲ್ಲ.

ಕಾಯಿಲೆ, ಅಪಘಾತ

ಇಎಸ್‌ಐ ವ್ಯಾಪ್ತಿಯ ಸಂಬಳದ ಮಿತಿ 2017ರ ಜನವರಿಯಿಂದ 21,000 ರೂಪಾಯಿ. ದರ 2019ರ ಜುಲೈಯಿಂದ ಮಾಲೀಕರದ್ದು ಶೇ 3.25, ಕೆಲಸಗಾರರದ್ದು ಶೇ 0.75. 18,000 ರೂಪಾಯಿ ಸಂಬಳಕ್ಕೆ ಮಾಲೀಕರು 585, ಕೆಲಸಗಾರರು 135 ಕಟ್ಟಿದರೆ ಇಡೀ ಕುಟುಂಬಕ್ಕೆ ಚಿಕಿತ್ಸೆ. ಕಾಯಿಲೆ ರಜೆಯಲ್ಲಿ ವರ್ಷಕ್ಕೆ 91 ದಿನದವರೆಗೆ ಸಂಬಳದ ಶೇ 70. ಕೆಲಸದಲ್ಲಿ ಗಾಯವಾದರೆ ಪರಿಹಾರ. ಮರಣ ಬಂದರೆ ಅವಲಂಬಿತರಿಗೆ ಪಿಂಚಣಿ. ಮಾಲೀಕರ ದೃಷ್ಟಿಯಿಂದಲೂ ಇದಕ್ಕಿಂತ ಅಗ್ಗದ ವಿಮೆ ಇಲ್ಲ, ಏಕೆಂದರೆ ಇಎಸ್‌ಐ ಇರುವಲ್ಲಿ ಅಪಘಾತ ಪರಿಹಾರದ ಹೊಣೆ ಇಎಸ್‌ಐ ನಿಗಮದ್ದು. ಆದರೂ ಹೊಸಬರನ್ನು ‘ಮೂರು ತಿಂಗಳು ನೋಡೋಣ’ ಎಂದು ನೋಂದಾಯಿಸದೆ ಬಿಡುವವರಿದ್ದಾರೆ. ಪ್ರೆಸ್ ಯಂತ್ರಕ್ಕೆ ಬೆರಳು ಸಿಕ್ಕುವುದು ಹೆಚ್ಚಾಗಿ ಆ ಹೊಸಬರದ್ದೇ. ಅಪಘಾತವಾದ ದಿನವೇ ಓಡಿ ನೋಂದಣಿ ಮಾಡಿಸಿದರೆ ಸಮಯದ ಮುದ್ರೆ ಎಲ್ಲವನ್ನೂ ಹೇಳಿಬಿಡುತ್ತದೆ. ನಿಗಮ ಕೆಲಸಗಾರರಿಗೆ ಸೌಲಭ್ಯ ಕೊಟ್ಟು, ಅದರ ಬೆಲೆಯನ್ನು ಮಾಲೀಕರಿಂದ ವಸೂಲಿ ಮಾಡಬಹುದು.

ಹೆಣ್ಣುಮಕ್ಕಳು ದುಡಿಯುವಲ್ಲಿ

ರಾಜಸ್ಥಾನದ ಭಟೇರಿ ಗ್ರಾಮದಲ್ಲಿ ಬಾಲ್ಯವಿವಾಹ ತಡೆಯಲು ಹೋದ ಸರ್ಕಾರಿ ಯೋಜನೆಯ ಕಾರ್ಯಕರ್ತೆ ಭಂವರಿ ದೇವಿ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದರು. ಕೆಲಸದ ಕಾರಣಕ್ಕೇ ಆಕೆಗೆ ಅದು ಸಂಭವಿಸಿತ್ತು, ಆದರೆ ಆಗ ಕೆಲಸ ಕೊಟ್ಟವರಿಗೆ ಹೊಣೆ ಹೊರಿಸುವ ಕಾನೂನೇ ಇರಲಿಲ್ಲ. ಆ ಪ್ರಕರಣದಿಂದ ಹುಟ್ಟಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1997ರ ಆಗಸ್ಟ್‌ನಲ್ಲಿ ವಿಶಾಖಾ ಮಾರ್ಗಸೂಚಿ ಕೊಟ್ಟಿತು. 2013ರಲ್ಲಿ ಅದು ಕಾಯ್ದೆಯಾಯಿತು. 10 ಅಥವಾ ಹೆಚ್ಚು ಜನರಿರುವ ಪ್ರತಿ ಕಚೇರಿ, ಪ್ರತಿ ಶಾಖೆಯಲ್ಲೂ ಆಂತರಿಕ ಸಮಿತಿ ಇರಬೇಕು. ಹಿರಿಯ ಮಹಿಳೆ ಅಧ್ಯಕ್ಷೆ, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರು, ಹೊರಗಿನ ಒಬ್ಬ ಅನುಭವಿ ಸದಸ್ಯರು. ದೂರಿಗೆ 3 ತಿಂಗಳ ಅವಧಿ, ವಿಚಾರಣೆಗೆ 90 ದಿನ. ಸಮಿತಿ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ, ಮರುಕಳಿಸಿದರೆ ಎರಡು ಪಟ್ಟು, ಪರವಾನಗಿಯೂ ಹೋಗಬಹುದು. ಗೋಡೆಯ ಮೇಲಿನ ಪಟ್ಟಿಯಲ್ಲಿ ಕೆಲಸ ಬಿಟ್ಟು ಎರಡು ವರ್ಷವಾದವರ ಹೆಸರಿರುವುದು, ಹೊರಗಿನ ಸದಸ್ಯರಿಲ್ಲದೆ ವಿಚಾರಣೆ ಮುಗಿಸುವುದು, ದೂರು ಕೊಟ್ಟವರನ್ನೇ ಬೇರೆ ಊರಿಗೆ ವರ್ಗ ಮಾಡುವುದು ಇವು ಪದೇ ಪದೇ ಕಾಣುವ ಲೋಪಗಳು. ಸರಿಯಾಗಿ ರಚನೆಯಾಗದ ಸಮಿತಿಯ ವರದಿ ಕೋರ್ಟಿನಲ್ಲಿ ಬಿದ್ದುಹೋದಾಗ ನ್ಯಾಯ ಸಿಗದೆ ಉಳಿಯುವವರು ದೂರುದಾರರು. 2023ರ ಮೇ ತಿಂಗಳಲ್ಲಿ ಗೋವಾದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯ ಜಾರಿಯಲ್ಲಿನ ಗಂಭೀರ ಕೊರತೆಗಳ ಬಗ್ಗೆ ಕಳವಳ ಪಟ್ಟು ದೇಶದಾದ್ಯಂತ ಸಮಿತಿಗಳ ಪರಿಶೀಲನೆಗೆ ಸೂಚಿಸಿತು.

ಹೆರಿಗೆ ರಜೆ 2017ರಿಂದ 26 ವಾರ. ಹಿಂದಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಈಗಾಗಲೇ ಎರಡು ಮಕ್ಕಳಿದ್ದರೆ 12 ವಾರ. ದಿನಗೂಲಿಯವರಿಗೂ ಇದು ಸಲ್ಲುತ್ತದೆಂದು ದೆಹಲಿ ಪಾಲಿಕೆಯ ಮಸ್ಟರ್ ರೋಲ್ ಮಹಿಳೆಯರ ಪ್ರಕರಣದಲ್ಲಿ 2000ದಲ್ಲೇ ತೀರ್ಮಾನವಾಗಿದೆ. ಗುತ್ತಿಗೆಯ ಅವಧಿ ರಜೆಯ ನಡುವೆ ಮುಗಿದರೂ ಪೂರ್ತಿ ಸೌಲಭ್ಯ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಾತ್ರಿ ಪಾಳಿಗೆ ಮಹಿಳೆಯರ ಒಪ್ಪಿಗೆ, ಸುರಕ್ಷತೆ, ಮನೆಯವರೆಗೆ ವಾಹನ ಬೇಕು. 2025ರ ನವೆಂಬರ್‌ನಲ್ಲಿ ರಾಜ್ಯ ಸರ್ಕಾರ 18ರಿಂದ 52 ವರ್ಷದ ಮಹಿಳಾ ಉದ್ಯೋಗಿಗಳಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ ಋತುಚಕ್ರ ರಜೆಯ ಆದೇಶ ಹೊರಡಿಸಿತು. ಅದಕ್ಕೆ ವೈದ್ಯರ ಪ್ರಮಾಣಪತ್ರ ಕೇಳುವಂತಿಲ್ಲ. ಮಾಲೀಕರ ಸಂಘಟನೆಗಳು ಅದನ್ನು ಹೈಕೋರ್ಟ್‌ನಲ್ಲಿ ಪ್ರಶ್ನಿಸಿದವು.

ಕೆಲಸ ಬಿಡಿಸುವಾಗ, ಬಿಡುವಾಗ

ಅಂಗಡಿ ಕಾಯ್ದೆಯಡಿ 6 ತಿಂಗಳು ಸತತ ದುಡಿದವರನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಇಲ್ಲದೆ ತೆಗೆಯುವಂತಿಲ್ಲ. ಕಾರ್ಮಿಕರ ಸಂಖ್ಯೆ ಕಡಿಮೆ ಮಾಡಲು ತೆಗೆಯುವುದಾದರೆ, ವರ್ಷ ಪೂರೈಸಿದವರಿಗೆ ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ. ದುರ್ನಡತೆಗೆ ತೆಗೆಯಬೇಕಾದರೆ ದಾರಿ ಬೇರೆ: ಆರೋಪಪಟ್ಟಿ, ಉತ್ತರಕ್ಕೆ ಸಮಯ, ಪಕ್ಷಪಾತವಿಲ್ಲದ ವಿಚಾರಣಾಧಿಕಾರಿ, ಸಾಕ್ಷಿಗಳನ್ನು ಪ್ರಶ್ನಿಸುವ ಅವಕಾಶ. ಅಮಾನತಿನಲ್ಲಿಟ್ಟರೆ ಮೊದಲ 90 ದಿನ ಅರ್ಧ ಸಂಬಳ, ನಂತರ ಶೇ 75. ಕೈಗಾರಿಕಾ ಸಂಬಂಧ ಸಂಹಿತೆಯಂತೆ ವಿಚಾರಣೆಯೂ ಸಾಮಾನ್ಯವಾಗಿ 90 ದಿನದಲ್ಲೇ ಮುಗಿಯಬೇಕು. ತಪ್ಪು ಮಾಡಿದ್ದು ಸ್ಪಷ್ಟವಿದ್ದರೂ ವಿಚಾರಣೆಯನ್ನೇ ನಡೆಸದ ಕಾರಣಕ್ಕೆ ಕೆಲಸಗಾರರು ಹಿಂಬಾಕಿ ಸಹಿತ ಮರಳಿ ಬಂದ ಉದಾಹರಣೆಗಳು ಕಾರ್ಮಿಕ ನ್ಯಾಯಾಲಯಗಳ ಕಡತಗಳಲ್ಲಿ ತುಂಬಿವೆ. ಬೆದರಿಸಿ ರಾಜೀನಾಮೆ ಬರೆಸಿಕೊಂಡು ಈ ದಾರಿಯನ್ನು ತಪ್ಪಿಸುವವರೂ ಇದ್ದಾರೆ. ಆ ಪತ್ರ ಸ್ವಂತ ಇಚ್ಛೆಯದಲ್ಲ ಎಂದು ಸಾಬೀತಾದರೆ ಅದು ಕಾನೂನುಬಾಹಿರ ವಜಾವೇ ಆಗುತ್ತದೆ.

ಯಾವ ಕಾರಣಕ್ಕೆ ಹೋದರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳಲ್ಲಿ ಚುಕ್ತಾ ಮಾಡಬೇಕೆಂದು ವೇತನ ಸಂಹಿತೆ ಹೇಳುತ್ತದೆ. 45 ದಿನ, 60 ದಿನ ಕಾಯಿಸುವುದನ್ನೇ ನೀತಿಯಾಗಿ ಬರೆದಿಟ್ಟುಕೊಂಡಿದ್ದ ಕಂಪನಿಗಳಿಗೆ ಇದು ದೊಡ್ಡ ಬದಲಾವಣೆ. ಗ್ರ್ಯಾಚುಟಿಗೆ 30 ದಿನ. ಅರ್ಹತೆಗೆ 5 ವರ್ಷದ ಸೇವೆ, ಪತ್ರಕರ್ತರಿಗೆ 3, ನಿಗದಿತ ಅವಧಿಯ ನೇಮಕಾತಿಯವರಿಗೆ ಈಗ 1. ಮರಣ ಹೊಂದಿದವರ ಕುಟುಂಬಕ್ಕೆ ಅವಧಿಯ ಷರತ್ತಿಲ್ಲ. ಗರಿಷ್ಠ ಮೊತ್ತ 2018ರ ಮಾರ್ಚ್‌ನಿಂದ 20 ಲಕ್ಷ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡು ಬಾಂಡ್ ಹಣ ಕೇಳುವ ಕ್ರಮಕ್ಕೆ ಯಾವ ಕಾನೂನಿನ ಆಸರೆಯೂ ಇಲ್ಲ. ಬಾಂಡ್ ಎಂಬುದೇ ಅಕ್ರಮವಲ್ಲ: ಮಂಗಳೂರಿನಲ್ಲಿ ಹುಟ್ಟಿದ ವಿಜಯ ಬ್ಯಾಂಕಿನ ಪ್ರಕರಣದಲ್ಲಿ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್, ಮೂರು ವರ್ಷಕ್ಕೆ ಮುನ್ನ ಬಿಟ್ಟರೆ 2 ಲಕ್ಷ ರೂಪಾಯಿ ಎಂಬ ಷರತ್ತನ್ನು ಎತ್ತಿಹಿಡಿಯಿತು. ಹೊಸ ನೇಮಕಾತಿಗೆ ನಿಜವಾಗಿಯೂ ಖರ್ಚಾಗುತ್ತದೆ ಎಂಬುದು ಅದರ ಹಿಂದಿನ ತರ್ಕ.

ತಪಾಸಣೆ ಮತ್ತು ದಾಖಲೆ

ಕಾರ್ಮಿಕ ನಿರೀಕ್ಷಕರಿಗೆ ಸಂಹಿತೆಗಳು ‘ಅನುಕೂಲಕಾರ’ ಎಂಬ ಹೆಸರನ್ನೂ ಜೋಡಿಸಿವೆ. ಕಾನೂನು ತಿಳಿಸಿಕೊಡುವುದೂ ಈಗ ಅವರ ಕರ್ತವ್ಯ, ಹಲವು ಲೋಪಗಳಿಗೆ ತಿದ್ದಿಕೊಳ್ಳಲು ಅವಧಿ ಸಿಗುತ್ತದೆ. ಆದರೆ ದಂಡದ ಮೊತ್ತ ಏರಿದೆ. ಕಡಿಮೆ ವೇತನ ಕೊಟ್ಟರೆ 50,000 ರೂಪಾಯಿವರೆಗೆ, 5 ವರ್ಷದಲ್ಲಿ ಮರುಕಳಿಸಿದರೆ 3 ತಿಂಗಳವರೆಗೆ ಜೈಲು ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಎಲ್ಲಕ್ಕಿಂತ ತೂಕದ ಬದಲಾವಣೆ ವೇತನ ಸಂಹಿತೆಯ 59ನೇ ಕಲಮಿನಲ್ಲಿದೆ, ಅದರ ಬಗ್ಗೆ ಚರ್ಚೆ ನಡೆದದ್ದು ಕಡಿಮೆ. ಸಂಬಳ ಅಥವಾ ಬೋನಸ್ ಬಂದಿಲ್ಲ, ಕಡಿಮೆ ಬಂದಿದೆ ಎಂದು ಕೆಲಸಗಾರರು ಅರ್ಜಿ ಹಾಕಿದರೆ, ಕೊಟ್ಟಿದ್ದೇವೆ ಎಂದು ಸಾಬೀತು ಮಾಡುವ ಹೊಣೆ ಮಾಲೀಕರದ್ದು. ನಗದಾಗಿ ಕೊಟ್ಟು ವೋಚರಿಗೆ ಸಹಿ ಹಾಕಿಸಿಕೊಳ್ಳದವರಿಗೆ, ಓಟಿಯನ್ನು ಸಣ್ಣ ಚೀಟಿಯಲ್ಲಿ ಬರೆದು ಹರಿದು ಹಾಕುವವರಿಗೆ ಇಲ್ಲಿ ಉತ್ತರ ಸಿಗುವುದಿಲ್ಲ. ನೇಮಕಾತಿ ಪತ್ರ, ಹಾಜರಿ, ಸಂಬಳದ ಚೀಟಿ, ಬ್ಯಾಂಕ್ ವರ್ಗಾವಣೆ ನಾಲ್ಕೂ ಒಂದನ್ನೊಂದು ಹೊಂದಬೇಕು. ನೇಮಕಾತಿ ಪತ್ರವಂತೂ ಎಲ್ಲರಿಗೂ ಈಗ ಕಡ್ಡಾಯ. ಅಂಗಡಿ ಕಾಯ್ದೆಯ ನಮೂನೆ ‘ಕ್ಯೂ’ ಮೂಲಕ ಕರ್ನಾಟಕದಲ್ಲಿ ಅದು ಮೊದಲೇ ಇತ್ತು.

ವೇತನದ ಬಾಕಿಗೆ 3 ವರ್ಷದವರೆಗೆ ಅರ್ಜಿ ಹಾಕಬಹುದು, ಭವಿಷ್ಯ ನಿಧಿಯ ವಿಚಾರಣೆ 5 ವರ್ಷದಷ್ಟು ಹಿಂದಕ್ಕೆ ಹೋಗಬಹುದು. ಆದ್ದರಿಂದ ಹಾಜರಿ ಮತ್ತು ವೇತನದ ದಾಖಲೆಗಳನ್ನು ಕನಿಷ್ಠ ಅಷ್ಟು ಕಾಲ ಇಡಬೇಕು. ಸೇರಿದ ದಿನಾಂಕ, ನಾಮನಿರ್ದೇಶನ ಮತ್ತು ಸೇವೆಯ ವಿವರಗಳನ್ನು ಗ್ರ್ಯಾಚುಟಿ ಪಾವತಿಯಾಗಿ ರಸೀದಿ ಕೈಗೆ ಬರುವವರೆಗೆ ಇಡಬೇಕು.